ಹಿಟ್ಟು ಉಬ್ಬುವ ಹೊತ್ತು

ನಮ್ಮ ಮನೆಗಳೊಳಕ್ಕೆ ಬ್ರೆಡ್ಡು ಪ್ರವೇಶ ಪಡೆದುದು ಜ್ವರದ ಕೈ ಹಿಡಿದು. ಮೈ ಬಿಸಿಯಾದವರಿಗೆ ಅನ್ನ ಕೂಡದೆಂದು ಡಾಕ್ಟರು ಹೇಳಿದ ಕೂಡಲೆ ಮನೆಯ ಯಜಮಾನರು ಬೀದಿಯ ತುದಿಯ ಬೇಕರಿಯಿಂದ ಒಂದು ಪೌಂಡು ಬ್ರೆಡ್ಡು ತರುತ್ತಿದ್ದರು. ಅದನ್ನು ಬಿಸಿ ಹಾಲಿನಲ್ಲಿ ಅದ್ದಿ ರೋಗಿಗೆ ತಿನ್ನಿಸುವುದು ಪದ್ಧತಿ. ಆದ್ದರಿಂದ ನಮ್ಮ ತಲೆಮಾರಿನವರಿಗೆ ಬ್ರೆಡ್ಡಿನ ವಾಸನೆಯೊಡನೆ ಥರ್ಮಾಮೀಟರಿನ ನೆನಪೂ ಬರುತ್ತದೆ. ಇಡ್ಲಿಗೆ ನೆಂಟರ ಮರ್ಯಾದೆ. ಬ್ರೆಡ್ಡಿಗೆ ಔಷಧದ ಮರ್ಯಾದೆ!

ಈ ದೂರವನ್ನು ಕಡಮೆ ಮಾಡಿದ ಪುಣ್ಯ ನಮ್ಮ ಅಯ್ಯಂಗಾರ್ ಬೇಕರಿಗಳಿಗೆ ಸಲ್ಲಬೇಕು. ಹಾಸನದ ಕಡೆಯಿಂದ ಬಂದ ಎಚ್. ಎಸ್. ತಿರುಮಲಾಚಾರ್ ಅವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತೆರೆದ ಅಂಗಡಿ ಈ ಪರಂಪರೆಗೆ ಮೊದಲೆನಿಸಿದೆ. ಮೊಟ್ಟೆಯನ್ನು ಮುಟ್ಟದೆ ಬ್ರೆಡ್ಡು, ಬನ್ನುಗಳನ್ನು ಮಾಡಿದ್ದರಿಂದ ಮಡಿವಂತರ ಮನೆಯ ಬಾಗಿಲೂ ಅವಕ್ಕೆ ತೆರೆಯಿತು. ಮುಂದೆ ಹಿಟ್ಟಿಗೆ ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ, ಕರಿಬೇವು ಸೇರಿ ಖಾರದ ಬನ್ನಾಯಿತು. ಕೆಲವೆಡೆ ಸಬ್ಬಸಿಗೆಯೂ ಸೇರಿತು. ಹೊರದೇಶದ ಬ್ರೆಡ್ಡು ಹೀಗೆ ನಮ್ಮ ಒಗ್ಗರಣೆಯ ಸೀಮೆಯ ಪೌರತ್ವವನ್ನು ಪಡೆಯಿತು.

ಆದರೆ ಬೇಕರಿಯಲ್ಲಿ ಕೊಂಡು ತಿನ್ನುವುದು ಬೇರೆ, ಮನೆಯಲ್ಲಿ ಮಾಡುವುದು ಬೇರೆ. ಅದರಲ್ಲೂ ಮಾಡುವವನು ಮೂವತ್ತಾರು ವರ್ಷ ಲೆಕ್ಕಪತ್ರದ ಕಚೇರಿಯಲ್ಲಿ ಕಳೆದು, ಅಡುಗೆಮನೆಗೆ ಕಾಫಿಯ ಲೋಟ ಹಿಂದಿರುಗಿಸಲು ಮಾತ್ರ ಹೋಗುತ್ತಿದ್ದ ನನ್ನಂಥವನಾದರೆ ವಾಚಕರೇ ಊಹಿಸಿಕೊಳ್ಳಬಹುದು. ನನ್ನಾಕೆಯ ರಾಜ್ಯದಲ್ಲಿ ಪರರಿಗೆ ಪ್ರವೇಶವಿರಲಿಲ್ಲ. ಸಾಸಿವೆಯ ಡಬ್ಬ ಎಲ್ಲಿದೆಯೆಂಬುದು ನಮ್ಮ ಮನೆಯಲ್ಲಿ ರಾಜರಹಸ್ಯ.

ಹೋದ ವರ್ಷದ ಆಶ್ವಯುಜದಲ್ಲಿ ಆಕೆ ಬಚ್ಚಲಿನಲ್ಲಿ ಕಾಲು ಜಾರಿ, ಬಲಗೈಯೂರಿ ಬಿದ್ದಳು. ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಕೈಗೆ ಪಟ್ಟಿ. ಪಟ್ಟಿ ಬಿಚ್ಚಿದಾಗ ಮೂಳೆ ಕೂಡಿತ್ತು, ಆದರೆ ಕೈ ಮರದ ಕೊರಡಿನಂತೆ ಬಿಗಿದಿತ್ತು. ನೀರಿನ ಲೋಟ ಎತ್ತಿದರೆ ಬೆರಳು ನಡುಗುತ್ತಿದ್ದವು. ಬೆಳಗಿನ ರಂಗೋಲಿ ನಿಂತಿತು. ಅಡುಗೆಗೆ ಒಬ್ಬಾಕೆ ಬರುತ್ತಿದ್ದರು, ಊಟಕ್ಕೆ ಕೊರತೆಯಿರಲಿಲ್ಲ. ಆದರೂ ಒಂದು ರಾತ್ರಿ ದೀಪ ಆರಿಸಿದ ಮೇಲೆ ಆಕೆ ಕೇಳಿದಳು: “ಏನೂಂದ್ರೆ, ಈ ಕೈ ಮತ್ತೆ ನನ್ನ ಮಾತು ಕೇಳುತ್ತದೆಯೇ?” ನನ್ನಲ್ಲಿ ಉತ್ತರವಿರಲಿಲ್ಲ.

ವ್ಯಾಯಾಮ ಕಲಿಸುವ ಹುಡುಗಿ ಹೇಳಿಕೊಟ್ಟದ್ದು ಸರಳವಾದ ಉಪಾಯ. ಮೆತ್ತಗಿನ ಉಂಡೆಯನ್ನು ದಿನವೂ ಹಿಸುಕಬೇಕು. ನೋವು ಹೆಚ್ಚದಷ್ಟು ಹಿಟ್ಟನ್ನೂ ನಾದಬಹುದು. ರಬ್ಬರಿನ ಚೆಂಡನ್ನು ಕೊಂಡು ತಂದೆ. ನನ್ನಾಕೆ ಅದನ್ನು ನಾಲ್ಕು ಸಲ ಹಿಸುಕಿ ಪಕ್ಕಕ್ಕಿಟ್ಟಳು. “ಇದೇನು, ಹಿಸುಕಿದ್ದಕ್ಕೆ ಫಲವೇ ಇಲ್ಲ! ಹಿಟ್ಟಾದರೆ ಕೊನೆಗೆ ಒಂದು ತಿಂಡಿಯಾದರೂ ಆಗುತ್ತದೆ” ಎಂದಳು. ಚಪಾತಿಯ ಹಿಟ್ಟು ಆ ಕೈಗೆ ಗಟ್ಟಿ. ಬ್ರೆಡ್ಡಿನ ಹಿಟ್ಟು ಅದಕ್ಕಿಂತ ಮೃದು. ಮಗಳು ಕೊಡಿಸಿದ್ದ ಓವನ್ನು ಎರಡು ವರ್ಷದಿಂದ ಹೊದಿಕೆ ಹೊದ್ದು ಮಲಗಿತ್ತು. ಹೀಗೆ ಸೊಪ್ಪಿನ ಬ್ರೆಡ್ಡು ನಮ್ಮ ಮನೆಯಲ್ಲಿ ಮತ್ತೊಮ್ಮೆ ಔಷಧವಾಗಿಯೇ ಕಾಲಿಟ್ಟಿತು.

ನಾನು ಲೆಕ್ಕದವನು, ತಕ್ಕಡಿಯನ್ನು ಮುಂದಿಟ್ಟುಕೊಂಡೆ. ಮೈದಾ 300 ಗ್ರಾಂ, ಉಪ್ಪು 6 ಗ್ರಾಂ, ಸಕ್ಕರೆ 10 ಗ್ರಾಂ, ಒಣ ಯೀಸ್ಟು 5 ಗ್ರಾಂ, ಎರಡು ದೊಡ್ಡ ಚಮಚ ಎಣ್ಣೆ, ಸುಮಾರು 190 ಮಿಲಿಲೀಟರು ಉಗುರುಬೆಚ್ಚಗಿನ ನೀರು. ಯೀಸ್ಟು ಜೀವವುಳ್ಳ ವಸ್ತು. ಕುದಿನೀರು ಸುರಿದರೆ ಸತ್ತುಹೋಗುತ್ತದೆ. ಹುದುಗು ಬರುವುದು ಈ ಸೂಕ್ಷ್ಮಜೀವಿಯ ಬದುಕಿನ ವ್ಯಾಪಾರವೆಂದು ಫ್ರಾನ್ಸಿನ ಲೂಯಿ ಪಾಸ್ತರ್ 1860ರ ತಮ್ಮ ಪ್ರಬಂಧದಲ್ಲಿ ವಿಸ್ತಾರವಾಗಿ ತೋರಿಸಿದರು. ಅದು ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಆ ಗಾಳಿಯೇ ಹಿಟ್ಟನ್ನು ಎತ್ತುವುದು. ಇಷ್ಟನ್ನೂ ನಾನು ಗಂಭೀರವಾಗಿ ಓದಿ ಹೇಳಿದೆ. ಕುರ್ಚಿಯಲ್ಲಿ ಕುಳಿತಿದ್ದ ನನ್ನಾಕೆ, “ಇಡ್ಲಿ ಹಿಟ್ಟು ರಾತ್ರಿಯೆಲ್ಲ ಮಾಡುವ ಕೆಲಸವೂ ಇದೇ ಜಾತಿಯದು. ಅದಕ್ಕೆ ಯಾರೂ ಪ್ರಬಂಧ ಓದಿ ಹೇಳಬೇಕಾಗಿಲ್ಲ” ಎಂದಳು.

ಕಲಸಿದ್ದು ನಾನು. ನಾದುವ ಸರದಿ ಇಬ್ಬರದು. ಆಕೆ ಒಂದು ನಿಮಿಷ, ನಾನು ಮೂರು ನಿಮಿಷ. ಎಷ್ಟು ಹೊತ್ತು ನಾದಬೇಕೆಂದರೆ ಪುಸ್ತಕದಲ್ಲಿ ಹತ್ತು ನಿಮಿಷ ಎಂದಿತ್ತು. ಗಡಿಯಾರ ನೋಡಿ ನಾನು ನಿಲ್ಲಿಸಿದಾಗ ಆಕೆ ಎಡಗೈಯಿಂದ ಹಿಟ್ಟಿನ ತುದಿಯನ್ನು ಎಳೆದು ನೋಡಿದಳು. “ಹೋಳಿಗೆಯ ಕಣಕದ ಹದ ಬರಬೇಕು. ಎಳೆದರೆ ಹಾಳೆಯಂತೆ ಬರಬೇಕು, ಹರಿಯಬಾರದು. ಇನ್ನೂ ನಾದಿರಿ.”

ಪುಸ್ತಕದಲ್ಲಿ ಗ್ಲೂಟೆನ್ ಎಂಬ ಮಾತಿತ್ತು. ಗೋಧಿಯ ಹಿಟ್ಟಿನಲ್ಲಿರುವ ಪ್ರೋಟೀನುಗಳು ನೀರಿನೊಡನೆ ಬೆರೆತು, ನಾದಿದಂತೆಲ್ಲ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಯೀಸ್ಟಿನ ಗಾಳಿಯನ್ನು ಹಿಡಿದಿಡುವುದು ಆ ಬಲೆ. ಇಟಲಿಯ ಬೆಕ್ಕಾರಿ ಎಂಬ ವಿದ್ವಾಂಸರು ಹಿಟ್ಟಿನ ಉಂಡೆಯನ್ನು ನೀರಿನಲ್ಲಿ ತೊಳೆದು, ಪಿಷ್ಟವೆಲ್ಲ ಹೋದ ಮೇಲೆ ಉಳಿಯುವ ಈ ಅಂಟನ್ನು ಕುರಿತು ಬರೆದುದು 1745ರಲ್ಲಿ ಅಚ್ಚಾಯಿತು. ಬ್ರೆಡ್ಡನ್ನು ನನ್ನಾಕೆಯೂ ಮಾಡಿದವಳಲ್ಲ. ಆದರೆ ನಲವತ್ತು ಯುಗಾದಿಗಳ ಕಣಕವನ್ನು ನಾದಿದ ಬೆರಳುಗಳಿಗೆ ಆ ಬಲೆಯ ಪರಿಚಯ ಚೆನ್ನಾಗಿತ್ತು. ಗ್ರಾಮುಗಳ ಲೆಕ್ಕ ನನ್ನದು, ಹದ ಆಕೆಯದು.

ಬಳಿಕ ಕಾಯುವ ಕೆಲಸ. ಮಾರ್ಗಶಿರದ ಬೆಂಗಳೂರು, ಕಿಟಕಿಯ ಗಾಜು ತಣ್ಣಗಿತ್ತು. ಒಂದು ಗಂಟೆಯಲ್ಲಿ ಎರಡರಷ್ಟಾಗುತ್ತದೆಂಬ ಹಿಟ್ಟು ಅಲುಗಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಬಟ್ಟೆಯನ್ನೆತ್ತಿ ನೋಡುತ್ತಿದ್ದ ನನ್ನನ್ನು ಆಕೆ ಗದರಿದಳು. “ಚಳಿಯಲ್ಲಿ ನಿಧಾನವೇ. ಶಾಲು ಹೊದಿಸಿ ಬಂದು ಕುಳಿತುಕೊಳ್ಳಿ. ಕಣಕವೂ ಹೀಗೆಯೇ; ನೆನೆಯಲು ಬಿಡದೆ ತಟ್ಟಿದರೆ ಹಿಂದಕ್ಕೆ ಸೆಳೆಯುತ್ತದೆ. ಸುಮ್ಮನಿರುವುದೂ ಅದರ ಕೆಲಸವೇ.”

ಈ ಮಾತು ಹೇಳಿದ ಆಕೆ ತನ್ನ ಕೈಯನ್ನು ನೋಡಿಕೊಂಡಳು. ಕೆಲಸವಿಲ್ಲದ ಆ ಎರಡು ತಿಂಗಳನ್ನು ಶಿಕ್ಷೆಯಂತೆ ಕಳೆದವಳು. ಹಿಟ್ಟಿಗೆ ಹೇಳಿದ ಸಮಾಧಾನ ಹೇಳಿದವಳಿಗೂ ತಲಪಿತೆಂದು ನನಗೆ ಅನ್ನಿಸಿತು. ನಾವಿಬ್ಬರೂ ಬಿಸಿಲು ಬೀಳುವ ಕಡೆ ಕುಳಿತು, ಆಕೆ ಎಡಗೈಯಿಂದ ಬಿಡಿಸಿಕೊಟ್ಟ ಸೊಪ್ಪನ್ನು ನಾನು ಹೆಚ್ಚಿದೆ. ತೊಳೆದ ಸಬ್ಬಸಿಗೆ, ಕೊತ್ತಂಬರಿ, ಕರಿಬೇವುಗಳನ್ನು ಬಟ್ಟೆಯ ಮೇಲೆ ಹರವಿ ನೀರು ಆರಿಸಿದ್ದಾಯಿತು. ತೇವ ಉಳಿದರೆ ಹಿಟ್ಟು ಜೋಲುತ್ತದೆ. ಅಷ್ಟು ನಿಶ್ಚಿಂತೆಯಾಗಿ ನಾವು ಹಗಲು ಹೊತ್ತು ಒಟ್ಟಿಗೆ ಕುಳಿತದ್ದು ಅಪರೂಪ.

ಎರಡೂವರೆ ಗಂಟೆಯಾದ ಮೇಲೆ ಶಾಲು ತೆಗೆದಾಗ ಪಾತ್ರೆ ತುಂಬಿತ್ತು. ಸೊಪ್ಪು, ಮೆಣಸಿನಕಾಯಿ, ಈರುಳ್ಳಿಗಳನ್ನು ಅದರೊಳಕ್ಕೆ ಮಡಿಸಿ, ಉದ್ದನೆಯ ಡಬ್ಬಿಯಲ್ಲಿಟ್ಟು, ಮತ್ತೊಮ್ಮೆ ಉಬ್ಬಲು ಬಿಟ್ಟು, 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 35 ನಿಮಿಷ ಬೇಯಿಸಿದೆವು. ಕರಿಬೇವಿನ ಪರಿಮಳ ಮೆಟ್ಟಿಲಿಳಿದು ಕೆಳಗಿನ ಮನೆಯವರನ್ನು ಕರೆತಂದಿತು. ಬ್ರೆಡ್ಡು ಒಂದು ಕಡೆಗೆ ತುಸು ವಾಲಿತ್ತು. ತಳ ತಟ್ಟಿದರೆ ಟೊಳ್ಳು ಸದ್ದು ಬಂತು. ಬೆಂದಿತೆಂಬುದಕ್ಕೆ ಅದೇ ಗುರುತು.

ಆಮೇಲೆ ವಾರಕ್ಕೆರಡು ಸಲ ಇದೇ ವ್ರತ ನಡೆಯಿತು. ಆಕೆಯ ಒಂದು ನಿಮಿಷ ಎರಡಾಯಿತು, ನಾಲ್ಕಾಯಿತು. ಸಂಕ್ರಾಂತಿಯ ಹೊತ್ತಿಗೆ ನಾನು ನಾದುವ ಅಗತ್ಯವೇ ಉಳಿಯಲಿಲ್ಲ. ಹಬ್ಬದ ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಬಿದ್ದಿತ್ತು. ಎಳೆಗಳು ಕೊಂಚ ನಡುಗಿದ್ದವು, ಚುಕ್ಕಿ ಮಾತ್ರ ಒಂದೂ ತಪ್ಪಿರಲಿಲ್ಲ.

ಅಂದು ಮಧ್ಯಾಹ್ನ ನಾನು ಅಭ್ಯಾಸದಂತೆ ತಕ್ಕಡಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಹೋದೆ. ಆಕೆ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತಿದ್ದಳು. “ನಿಮಗಿಲ್ಲೇನು ಕೆಲಸ? ಹೊರಗೆ ಕುಳಿತು ಪೇಪರು ಓದಿಕೊಳ್ಳಿ” ಎಂದಳು. ಮೂರು ತಿಂಗಳಿನಿಂದ ನಾನು ಕೇಳಬಯಸಿದ್ದ ಮಾತು ಅದು. ಸಂತೋಷದಿಂದ ಹಿಂದಿರುಗಿ ಎರಡು ಹೆಜ್ಜೆ ಇಟ್ಟಿದ್ದೆ, ಒಳಗಿನಿಂದ ಮತ್ತೆ ದನಿ ಬಂತು: “ಸಾಸಿವೆಯ ಡಬ್ಬ ಮೇಲಿನ ಗೂಡಿನಲ್ಲಿ ಎಡಗಡೆಗಿದೆ. ಸ್ವಲ್ಪ ತೆಗೆದುಕೊಟ್ಟು ಹೋಗಿ.”