ಎಂಟೂಮುಕ್ಕಾಲು ಮೀಟರ್

"ಹೆಗಡೇರೆ, ಇನ್ನೊಂದು ಮಾರು ಹಗ್ಗ ಬಿಡಿ!"

ಅಡಿಕೆ ಮರದ ಮೇಲಿಂದ ಕೊನೆಗೌಡರ ಕೂಗು. ಡಿಸೆಂಬರಿನ ಬೆಳಗು, ಶಿರಸಿ ಸೀಮೆಯ ತೋಟ. ಸೋಗೆಯಿಂದ ಇಬ್ಬನಿ ಇನ್ನೂ ತೊಟ್ಟಿಕ್ಕುತ್ತಿದೆ. ಕೊನೆಕೊಯ್ಲಿನ ನಡುವೆ ಬಿಡುವು ಮಾಡಿಕೊಂಡು ಬಂದಿರುವ ಗೌಡರ ಸೊಂಟದಲ್ಲಿ ಕತ್ತಿಯ ಪಕ್ಕ ತಾಮ್ರದ ತಂತಿಯ ತುದಿಯೂ ಸಿಕ್ಕಿಕೊಂಡಿದೆ. ನಾಲ್ಕು ಮರಗಳಿಗೆ ಪಿವಿಸಿ ಪೈಪಿನ ತುಂಡುಗಳನ್ನು ಕಟ್ಟಿ, ನೆಲದಿಂದ ಹತ್ತು ಮೀಟರ್ ಎತ್ತರದಲ್ಲಿ ತಂತಿಯನ್ನು ಚೌಕವಾಗಿ ಸುತ್ತಿ ತರುತ್ತಿದ್ದಾರೆ: ರೇಡಿಯೊಗೆ ಲೂಪ್ ಆಂಟೆನಾ. ಒಟ್ಟು ಉದ್ದ 43 ಮೀಟರ್, 7.1 ಮೆಗಾಹರ್ಟ್ಸ್‌ಗೆ ಒಂದು ಪೂರ್ಣ ತರಂಗದಷ್ಟು. ಗಾಳಿಗೆ ಮರಗಳು ತೊನೆದಾಗ ಹರಿಯದಿರಲೆಂದು ತಂತಿಯನ್ನು ಸ್ವಲ್ಪ ಸಡಿಲವಾಗಿಯೇ ಬಿಟ್ಟಿದ್ದಾರೆ.

ಕೆಳಗೆ ಹಗ್ಗ ಹಿಡಿದು ನಿಂತ ಹೆಗಡೆಯವರು ಹಳೆಯ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಆಪರೇಟರ್; ಹತ್ತಿರದವರಿಗೆಲ್ಲ 'ಮಾವ'. ಪಕ್ಕದಲ್ಲಿ ಅವರ ಸೋದರಳಿಯ, ಇಂಜಿನಿಯರಿಂಗ್ ವಿದ್ಯಾರ್ಥಿ. ಹ್ಯಾಮ್ ಪರೀಕ್ಷೆಗೆ ಅರ್ಜಿ ಹಾಕಿದ್ದಾನೆ. ಪರವಾನಗಿ ಕೈಗೆ ಬರುವವರೆಗೆ ಅವನು ಕೇಳಬಹುದು, ಅಳೆಯಬಹುದು. ಮೈಕ್ ಒತ್ತುವ ಹಾಗಿಲ್ಲ.

ಆಂಟೆನಾ ಅಳೆಯುವ, ಅಂಗೈಯಗಲದ ಉಪಕರಣ ನ್ಯಾನೋವಿಎನ್‌ಎ ಅವನ ಕೈಯಲ್ಲಿದೆ. ಅಳೆಯುವ ಕೇಬಲ್ಲಿನ ಮೇಲ್ತುದಿಯಲ್ಲೇ ಅದನ್ನು ಕ್ಯಾಲಿಬ್ರೇಟ್ ಮಾಡಿಕೊಂಡಿದ್ದಾನೆ; ಹಾಗಾಗಿ ನೆಲದ ಮೇಲೆ ನಿಂತೇ ಹತ್ತು ಮೀಟರ್ ಮೇಲಿನ ಸುದ್ದಿ ಓದುತ್ತಾನೆ. "ಮಾವ, 110 ಓಮ್. ಎಸ್‌ಡಬ್ಲ್ಯೂಆರ್ 2.2."

ತೋಟದಿಂದ ಮನೆಯ ಜಗಲಿಯವರೆಗೆ ಹಾಸಿರುವ ಕೇಬಲ್ಲು 50 ಓಮ್‌ನದು. ರೇಡಿಯೊ ಕೂಡ 50 ಓಮ್ ಬಯಸುವಂಥದ್ದೇ. ಎರಡೂ ಕಡೆಯ ಓಮ್ ಹೊಂದಿದರೆ ಎಸ್‌ಡಬ್ಲ್ಯೂಆರ್ ಒಂದು; ಹೊಂದದಷ್ಟೂ ಅದು ಏರುತ್ತದೆ. ಮಾವ ಏನೂ ಹೇಳದೆ ಗೌಡರ ಹಗ್ಗವನ್ನು ಎತ್ತಿಕೊಳ್ಳುತ್ತಾರೆ. ತೆಳು ನೈಲಾನ್ ದಾರ, ಅದಕ್ಕೆ ಗಂಟು ಹಾಕಿದ ದಪ್ಪ ತೆಂಗಿನ ನಾರಿನ ಹಗ್ಗ.

"ದಾರದ ತುದಿ ಹಿಡ್ಕೊಂಡು ಒಂದು ಸಲ ಝಾಡಿಸು."

ಅಳಿಯ ಝಾಡಿಸುತ್ತಾನೆ. ದಾರದ ಮೇಲೆ ಡುಬ್ಬವೊಂದು ಓಡುತ್ತದೆ, ಗಂಟಿಗೆ ಮುಟ್ಟುತ್ತದೆ. ಒಂದು ಪಾಲು ದಪ್ಪ ಹಗ್ಗಕ್ಕೆ ದಾಟಿ ಹೋಗುತ್ತದೆ, ಇನ್ನೊಂದು ಪಾಲು ತಲೆಕೆಳಗಾಗಿ ಅವನ ಕೈಗೇ ವಾಪಸು ಬಂದು ಬಡಿಯುತ್ತದೆ. "ಅಷ್ಟೇ ವಿಷಯ. 110ಕ್ಕೂ 50ಕ್ಕೂ ಗಂಟು ಹಾಕಿದ್ರೆ, ನೂರು ವ್ಯಾಟಲ್ಲಿ ಹದಿನಾಲ್ಕು ಗಂಟಿಂದಲೇ ತಿರುಗಿ ಬರ್ತದೆ."

"ರೇಡಿಯೊದಲ್ಲಿ ಟ್ಯೂನರ್ ಇದೆಯಲ್ಲ? ಗುಂಡಿ ಒತ್ತಿದ್ರೆ ಆಯ್ತು."

ಜಗಲಿಯ ಮೇಜಿನ ಮೇಲಿರುವ ರೇಡಿಯೊದ ಟ್ಯೂನರ್ 3ರ ಎಸ್‌ಡಬ್ಲ್ಯೂಆರ್‌ವರೆಗೂ ನಿಭಾಯಿಸುತ್ತದೆ. ಒತ್ತಿದರೆ ಟಕಟಕ ರಿಲೇ ಬಡಿದು ಮುಳ್ಳು ಒಂದಕ್ಕೆ ಬಂದು ನಿಲ್ಲುತ್ತದೆ. ತಿರುಗಿ ಬಂದ ಅಲೆಯನ್ನು ಟ್ಯೂನರ್ ಮತ್ತೆ ಮೇಲಕ್ಕೆ ಅಟ್ಟುತ್ತದೆ, ನಿಜ. ಆದರೆ ಪ್ರತಿ ಓಡಾಟದಲ್ಲೂ ಕೇಬಲ್ಲು ತನ್ನ ಪಾಲು ಮುರಿದುಕೊಳ್ಳುತ್ತದೆ. ಏಳು ಮೆಗಾಹರ್ಟ್ಸ್‌ನಲ್ಲಿ ಆ ನಷ್ಟ ಸಣ್ಣದು. ಆವರ್ತನ ಏರಿದಂತೆ, ಕೇಬಲ್ಲು ಉದ್ದವಾದಂತೆ ಅದು ಬೆಳೆಯುತ್ತದೆ.

ಮೀಟರಿನ ಮಾತನ್ನು ಪೂರ್ತಿ ನಂಬುವಂತೆಯೂ ಇಲ್ಲ. ನೀರು ಕುಡಿದ ಹಳೆಯ ಕೇಬಲ್ಲು ಹೋಗುವ ಅಲೆಯನ್ನೂ ಬರುವ ಅಲೆಯನ್ನೂ ನುಂಗುತ್ತದೆ. ಕೆಳಗಿನ ಮೀಟರ್ 1.3 ತೋರಿಸಿ ನಗುತ್ತಿರುತ್ತದೆ. 50 ಓಮ್‌ನ ಡಮ್ಮಿ ಲೋಡಿನ (ಆಂಟೆನಾ ಬದಲು ಜೋಡಿಸುವ ರೆಸಿಸ್ಟರಿನ) ಮುಂದೆ ಎಸ್‌ಡಬ್ಲ್ಯೂಆರ್ ಕರಾರುವಾಕ್ಕಾಗಿ ಒಂದು. ಅದರ ಧ್ವನಿಯೋ, ಅಂಗಳದಾಚೆಗೆ ಯಾರಿಗೂ ಕೇಳದು.

"ಗಂಟು ಎಲ್ಲಿದೆಯೋ ಅಲ್ಲೇ ಬಿಡಿಸಬೇಕು," ಎನ್ನುತ್ತ ಮಾವ ಒಳಗಿನಿಂದ ಕಪ್ಪು ಕೇಬಲ್ಲಿನ ಸುರುಳಿ ತರುತ್ತಾರೆ. ಆರ್‌ಜಿ-6, ಡಿಶ್ ಟಿವಿಯವರು ಎಳೆಯುವಂಥದ್ದು, 75 ಓಮ್. ಒಳಗೆ ಗಾಳಿಯಿರುವ ಕೋಆಕ್ಸ್‌ನಲ್ಲಿ ಅತಿ ಹೆಚ್ಚು ಶಕ್ತಿ ಸಾಗುವುದು ಸುಮಾರು 30 ಓಮ್‌ಗೆ, ಅತಿ ಕಡಿಮೆ ಸೋರುವುದು ಸುಮಾರು 77ಕ್ಕೆ. ಕಳಿಸುವವರು ನಡುವಿನ 50ಕ್ಕೆ ಒಪ್ಪಿಕೊಂಡರು, ಟಿವಿಯವರು 75 ಹಿಡಿದರು. ಇವತ್ತು ಆ 75 ಮಧ್ಯಸ್ಥಿಕೆಗೆ ಬರುತ್ತಿದೆ: 110ನ್ನು 50ರಿಂದ ಗುಣಿಸಿ ವರ್ಗಮೂಲ ತೆಗೆದರೆ 74. ಕಾಲು ತರಂಗ ಉದ್ದದ 75 ಓಮ್ ಕೇಬಲ್ಲನ್ನು ನಡುವೆ ಸೇರಿಸಿದರೆ ಅದರ ಎರಡು ತುದಿಗಳ ಪ್ರತಿಫಲನಗಳು ಒಂದನ್ನೊಂದು ಅಳಿಸಿಹಾಕುತ್ತವೆ.

ಕಾಲು ತರಂಗವೆಂದರೆ ಬಯಲಲ್ಲಿ ಹತ್ತೂವರೆ ಮೀಟರ್. ಕೇಬಲ್ಲಿನೊಳಗೆ ಅಲೆ ನಿಧಾನ; ಈ ಫೋಮ್ ತುಂಬಿದ ಕೇಬಲ್ಲಿನಲ್ಲಿ ಬೆಳಕಿನ ವೇಗದ ಸುಮಾರು ನೂರಕ್ಕೆ ಎಂಬತ್ತಮೂರು. ಸುರುಳಿಯಿಂದ ಸುರುಳಿಗೆ ಇದು ಬದಲಾಗುವುದರಿಂದ ಮಾವ ಲೆಕ್ಕಕ್ಕಿಂತ ಉದ್ದವಾಗಿ, 9.2 ಮೀಟರಿಗೆ ಕತ್ತರಿಸುತ್ತಾರೆ. ಒಂದು ತುದಿ ನ್ಯಾನೋವಿಎನ್‌ಎಗೆ, ಇನ್ನೊಂದು ತುದಿ ಖಾಲಿ.

ಪರದೆಯಲ್ಲಿ ಸ್ಮಿತ್ ಚಾರ್ಟ್ ಅರಳುತ್ತದೆ. ಬೆಲ್ ಲ್ಯಾಬ್ಸ್‌ನ ಫಿಲಿಪ್ ಸ್ಮಿತ್ 1939ರಲ್ಲಿ ಪ್ರಕಟಿಸಿದ ವೃತ್ತಗಳ ನಕ್ಷೆ. ಜಪಾನಿನ ಮಿಜುಹಾಶಿ ತೊಸಾಕು ಅದೇ ಬಗೆಯದನ್ನು 1937ರಲ್ಲೇ ಕೊಟ್ಟಿದ್ದರು. ಆವರ್ತನ ಏರಿದಂತೆ ಚುಕ್ಕಿ ಬಲ ಅಂಚಿನಿಂದ ಕೆಳಗಿಳಿದು ಎಡ ಅಂಚಿನತ್ತ ಜಾರುತ್ತದೆ. ತೆರೆದ ತುದಿ ಕಾಲು ತರಂಗದಾಚೆ ಶಾರ್ಟ್ ಆದಂತೆ ಕಾಣುವ ಜಾಗ ಅದು.

"6.77ಕ್ಕೆ ಎಡಕ್ಕೆ ಮುಟ್ತು, ಮಾವ."

"ಉದ್ದ ಹೆಚ್ಚಾಯ್ತು. ಕತ್ತರಿಸು. ಒಂದೇ ಸಲ ಬೇಡ."

ಚೂರು ಚೂರಾಗಿ ಕಪ್ಪು ತುಣುಕುಗಳು ಹುಲ್ಲಿನ ಮೇಲೆ ಬೀಳುತ್ತವೆ. 6.9. 7.0. ಎಂಟೂಮುಕ್ಕಾಲು ಮೀಟರ್ ಹತ್ತಿರ ಬಂದಾಗ 7.1. ಈ ಕೇಬಲ್ಲಿನ ಅಲ್ಯೂಮಿನಿಯಂ ಹೆಣಿಗೆಗೆ ಬೆಸುಗೆ ಹಿಡಿಯುವುದಿಲ್ಲ. ತುದಿಗಳಿಗೆ ಎಫ್ ಕನೆಕ್ಟರ್ ಒತ್ತಿ ಕೂರಿಸಿ, ಮಳೆ ನುಗ್ಗದಂತೆ ರಬ್ಬರ್ ಟೇಪು ಬಿಗಿಯುತ್ತಾರೆ. ಗೌಡರು ಮತ್ತೆ ಮರವೇರುತ್ತಾರೆ. ಕೇಬಲ್ಲು ಲೂಪಿನಿಂದ ನೇರ ಕೆಳಗಿಳಿದು, ಎದೆಮಟ್ಟದಲ್ಲಿ 50 ಓಮ್ ಕೇಬಲ್ಲಿಗೆ ಕೂಡುತ್ತದೆ. ಆ ಕೂಡಿನ ಬಳಿ ಕೇಬಲ್ಲನ್ನು ಫೆರೈಟ್ ರಿಂಗಿಗೆ ಹಲವು ಸುತ್ತು ಸುತ್ತುತ್ತಾರೆ, ಹೊರ ಹೆಣಿಗೆಯ ಮೇಲೆ ಕರೆಂಟು ಹರಿದು ಬರದಿರಲೆಂದು.

ಜಗಲಿಯಲ್ಲಿ ಎಸ್‌ಡಬ್ಲ್ಯೂಆರ್ 1.1. ಟ್ಯೂನರ್ ಆಫ್. ಸೋಲಾರ್ ಬೇಲಿಯ ಟಿಕ್ ಟಿಕ್ ಸದ್ದಿನ ನಡುವೆಯೇ ಮಾವ ಕರೆ ಕೊಡುತ್ತಾರೆ. ಬೆಂಗಳೂರಿನ ಸ್ಟೇಷನ್ನೊಂದು ಉತ್ತರಿಸುತ್ತದೆ: "ಫೈವ್ ನೈನ್, ಓಲ್ಡ್ ಮ್ಯಾನ್, ಚೆನ್ನಾಗಿ ಬರ್ತಿದೀರಿ."

ಅಳಿಯನಿಗೆ ಅಷ್ಟಕ್ಕೇ ಸಮಾಧಾನವಿಲ್ಲ. 14.2ಕ್ಕೆ ಅಳೆದು ನೋಡುತ್ತಾನೆ. ಎಸ್‌ಡಬ್ಲ್ಯೂಆರ್ ಎರಡು ದಾಟಿದೆ. ಅಲ್ಲಿ ಆ ತುಂಡು ಅರ್ಧ ತರಂಗವಾಗುತ್ತದೆ, ಮೇಲಿನ ಓಮ್‌ಗಳನ್ನು ಇದ್ದ ಹಾಗೇ ಕೆಳಗಿಳಿಸುತ್ತದೆ. 21.3ಕ್ಕೆ ಹೋದರೆ ಮುಕ್ಕಾಲು ತರಂಗ. ಮುಳ್ಳು ಮತ್ತೆ ಇಳಿಯುತ್ತದೆ.

"14 ಬೇಕು ಅಂದ್ರೆ, ಮಾವ?"

"ಆ ತುಂಡನ್ನ ಅರ್ಧ ಮಾಡು. ಆಗ 7 ಹೋಯ್ತು."

"ಹಂಗಾದ್ರೆ ಟ್ಯೂನರ್ ಒತ್ತಲಾ?"

"ಒತ್ತು. ಅದು ಇರೋದೇ ಅದಕ್ಕೆ. ಎಲ್ಲಿ ಎಷ್ಟು ಕಳ್ಕೊಳ್ತಿದೀವಿ ಅಂತ ಗೊತ್ತಿಟ್ಕೊಂಡು ಒತ್ತು."