ಮೆಷಿನ್ ಎಲ್ಲಿ ಕೊಳ್ಳೋದು?



ತಿಪ್ಪಸಂದ್ರ ಹೋಬಳಿಯಲ್ಲಿ ಮರಗೆಲಸ ಕಲಿತ ನಮ್ಮ ಹುಡುಗರು ಈಗ ಬಾಷ್, ಮಕಿಟಾ ಮೆಷಿನ್ ಕೊಳ್ಳೋ ಮಟ್ಟಕ್ಕೆ ಬಂದಿದ್ದಾರೆ. ಅಂಗಡಿಯಲ್ಲಾ, ಆನ್‌ಲೈನಲ್ಲಾ ಅಂತ ಕೇಳ್ತಾರೆ.

ಆನ್‌ಲೈನಲ್ಲಿ ಯಾರ ಮಗ, ಯಾವ ಕೇರಿ ಅಂತ ಕೇಳಲ್ಲ. ಅಂಗಡಿಯೊಂದರಲ್ಲಿ ಬೇರೆಯವರಿಗೆ ಉದ್ರಿ ಬರೆದುಕೊಂಡು, ನಮ್ಮ ಹುಡುಗನಿಗೆ 'ಮೊದ್ಲು ಕಾಸು ತೋರ್ಸು' ಅಂದಿದ್ದನ್ನ ನಾನೇ ನೋಡಿದ್ದೀನಿ.

ಆದ್ರೆ ಮೆಷಿನ್ ನಿಂತರೆ ಅವತ್ತಿನ ಕೂಲಿ ಹೋಯ್ತು. ಕಾರ್ಬನ್ ಬ್ರಷ್ ಸವೆಯೋದೇ. ಹತ್ತಿರದ ಅಂಗಡಿಯಲ್ಲಿ ಸಿಕ್ಕರೆ ಅವತ್ತೇ ಕೆಲಸ ಶುರು. ಪಾರ್ಸೆಲ್ ಕಾದರೆ ದಿನಗಟ್ಟಲೆ ಖಾಲಿ ಕೈ. ಕೈಗೆ ಭಾರ ಒಗ್ಗುತ್ತಾ ಅನ್ನೋದೂ ಹಿಡಿದು ನೋಡಿದರೇ ಗೊತ್ತಾಗೋದು.

ಅದಕ್ಕೇ ಆನ್‌ಲೈನ್ ರೇಟು ನೋಡ್ಕೊಂಡು, ಇಬ್ಬರು ಜೊತೆಯಾಗಿ ಅಂಗಡಿಗೆ ಹೋಗಿ. ಬಿಲ್ಲು, ವಾರಂಟಿ ಕಾರ್ಡು ಬಿಡಬೇಡಿ. ಮರ್ಯಾದೆ ಕೊಡದ ಅಂಗಡಿಗೆ ನಮ್ಮ ದುಡ್ಡೂ ಬೇಡ. ಆನ್‌ಲೈನ್ ಇದ್ದೇ ಇದೆ.

ಎಲ್ಲೇ ಕೊಂಡರೂ ಮೋಸ ಆದ್ರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವಿರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಹೊಟ್ಟೆಪಾಡಿನ ಸ್ವಂತ ದುಡಿಮೆಗೆ ಕೊಂಡ ಮೆಷಿನ್ನೂ ಅದರೊಳಗೆ ಬರುತ್ತೆ. 5 ಲಕ್ಷದವರೆಗಿನ ಸಾಮಾನಿಗೆ ಶುಲ್ಕ ಇಲ್ಲ. ಬಿಲ್ಲು ತನ್ನಿ, ಅರ್ಜಿ ನಾನು ಬರೆದುಕೊಡ್ತೀನಿ.

ಜೈ ಭೀಮ್.