ಉಳಿದದ್ದೆಲ್ಲ ಸ್ಥಿರ

ಎಂಜಿನಿಯರಿಂಗ್ ಸೇರಿದ ಹುಡುಗ ಮುಂದೆ ಸೇತುವೆ ಕಟ್ಟಲಿ, ಕಂಪ್ಯೂಟರಿನ ಮುಂದೆ ಕೂರಲಿ, ಯಾವುದೂ ಬೇಡವೆಂದು ಕೆಎಎಸ್ ಪರೀಕ್ಷೆ ಬರೆಯಲಿ, ಎಂ-ಒನ್ ದಾಟದೆ ಅವನಿಗೆ ಗತಿಯಿಲ್ಲ. ಸಿವಿಲ್‌ನವರಿಗೂ ಅದು ತಪ್ಪದು, ಎಲೆಕ್ಟ್ರಾನಿಕ್ಸಿನವರಿಗೂ ತಪ್ಪದು. ಪಠ್ಯಕ್ರಮದಲ್ಲಿ ಅದಕ್ಕೆ ಎಂಜಿನಿಯರಿಂಗ್ ಗಣಿತವೆಂಬ ಗಂಭೀರ ಹೆಸರಿದೆ. ಹುಡುಗರ ಬಾಯಲ್ಲಿ ಮಾತ್ರ ಎಂ-ಒನ್. ಪಾಸಾದರೆ ಎಂ-ಟೂ, ಪಾಸಾಗದಿದ್ದರೆ ಎಂ-ಟೂ ಜೊತೆಗೆ ಮತ್ತೆ ಎಂ-ಒನ್.

ಚಾಮರಾಜನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 2007ರಲ್ಲಿ, ಊರು ಜಿಲ್ಲಾ ಕೇಂದ್ರವಾಗಿ ಹತ್ತು ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಈ ಕಡೆಯ ಮಕ್ಕಳಿಗೆ ಎಂಜಿನಿಯರಿಂಗ್ ಎಂದರೆ ಮೈಸೂರು. ಮೈಸೂರು ಎಂದರೆ ಹಾಸ್ಟೆಲ್ಲು, ಇಲ್ಲವೇ ಚಿಕ್ಕಪ್ಪನ ಮನೆ. ಆಮೇಲೆ ಗುಂಡ್ಲುಪೇಟೆಯವರಿಗೆ ಮನೆಯಲ್ಲಿ ಉಂಡು, ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ, ಸುಮಾರು 35 ಕಿಲೋಮೀಟರು ಕುಲುಕಾಡಿ ಎಂಜಿನಿಯರಾಗುವ ಅನುಕೂಲ ಒದಗಿತು. ಮೊದಲ ಪೀರಿಯಡ್ಡು ಹೆಚ್ಚಾಗಿ ಗಣಿತ, ಬಸ್ಸು ಹೆಚ್ಚಾಗಿ ತಡ. ನಾನು ಅಲ್ಲಿ ಗಣಿತದ ಮೇಷ್ಟ್ರಾದ್ದರಿಂದ ಗುಂಡ್ಲುಪೇಟೆಯ ಹುಡುಗರು ಬಂದು ಸೇರುವ ಚೆಂದವನ್ನು ನೋಡುವ ಭಾಗ್ಯ ನನ್ನದಾಯಿತು. ಬಾಗಿಲಲ್ಲಿ ನಿಂತು, ಬ್ಯಾಗನ್ನು ಎದೆಗವಚಿಕೊಂಡು, "ಬಸ್ಸು, ಸಾರ್" ಎನ್ನುತ್ತಿದ್ದರು. ಎರಡೇ ಪದದಲ್ಲಿ ಪ್ರಮೇಯ ಸಾಧಿಸಿ ಹಿಂದಿನ ಬೆಂಚಿಗೆ ಹೋಗಿ ಕೂರುತ್ತಿದ್ದರು. ನಡುವಿನ ಹಂತಗಳನ್ನು ತೋರಿಸಿಲ್ಲವೆಂದು ಅಂಕ ಕಳೆಯಲು ನನಗೂ ಮನಸ್ಸು ಬರುತ್ತಿರಲಿಲ್ಲ.

ಅವರ ಬ್ಯಾಗಿನ ಅರ್ಧ ಭಾರ ಗ್ರೇವಾಲರದ್ದು. ಬಿ.ಎಸ್. ಗ್ರೇವಾಲರ ಸಾವಿರ ಪುಟ ಮೀರಿದ ಆ ಗಣಿತದ ಪುಸ್ತಕವನ್ನು ಹೊಸದಾಗಿ ಕೊಂಡವರು ನನ್ನ ತರಗತಿಯಲ್ಲಿ ಕಡಿಮೆ. ಸೀನಿಯರುಗಳಿಂದ ಅರ್ಧ ಬೆಲೆಗೆ ಬಂದ ಪ್ರತಿಗಳೇ ಹೆಚ್ಚು. ಮೊದಲ ಪುಟದಲ್ಲಿ ಒಂದು ಹೆಸರು, ಅದರ ಮೇಲೆ ಗೀಟು, ಕೆಳಗೆ ಇನ್ನೊಂದು ಹೆಸರು. ಅಂಥದೊಂದು ಪ್ರತಿಯಲ್ಲಿ ಭಾಗಶಃ ಅವಕಲನದ ಅಧ್ಯಾಯದ ಅಂಚಿನಲ್ಲಿ ಹಳೆಯ ಯಜಮಾನ 'ತುಂಬಾ ಮುಖ್ಯ' ಎಂದು ಬರೆದಿದ್ದ. ಅದರ ಕೆಳಗೆ ಮುಂದಿನ ಯಜಮಾನ ಬೇರೆ ಶಾಯಿಯಲ್ಲಿ 'ಬರಲಿಲ್ಲ' ಎಂದು ಬರೆದಿದ್ದ. ಪ್ರಶ್ನೆಪತ್ರಿಕೆಯಲ್ಲಿ ಬರಲಿಲ್ಲವೋ, ಅವನಿಗೇ ಬರಲಿಲ್ಲವೋ, ಬಗೆಹರಿಸುವವರಿಲ್ಲ.

ಈ ಭಾಗಶಃ ಅವಕಲನಕ್ಕೆ ಹುಡುಗರು 'ಪಾರ್ಷಿಯಲ್ಸ್' ಎನ್ನುತ್ತಾರೆ. ಪಿಯುಸಿಯವರೆಗೆ ಎಕ್ಸ್ ಒಂದೇ ಓಡಾಡುತ್ತಿತ್ತು. ಇಲ್ಲಿ ಎಕ್ಸ್ ಜೊತೆಗೆ ವೈ, ಕೆಲವೊಮ್ಮೆ ಝಡ್, ಎಲ್ಲಕ್ಕೂ ಕಾಲು ಬಂದಿರುತ್ತದೆ. ಉಪಾಯ ಒಂದೇ: ಎಕ್ಸ್ ಬದಲಾದರೆ ಏನಾಗುತ್ತದೆಂದು ನೋಡುವಾಗ ಉಳಿದದ್ದೆಲ್ಲ ಸ್ಥಿರ ಎಂದುಕೊಳ್ಳುವುದು. ಎಕ್ಸ್‌ನ ವರ್ಗವನ್ನು ವೈಯಿಂದ ಗುಣಿಸಿ, ಅದಕ್ಕೆ ವೈಯ ಘನವನ್ನು ಕೂಡಿದ್ದೀರಿ ಎನ್ನಿ. ಎಕ್ಸ್‌ಗೆ ಸಂಬಂಧಿಸಿದಂತೆ ಅವಕಲಿಸಿದರೆ ಸಿಗುವುದು 2 ಎಕ್ಸ್ ವೈ. ಮೊದಲ ಪದದ ವೈ ಇದ್ದಲ್ಲೇ ನಿಂತಿರುತ್ತದೆ. ಎರಡನೆಯ ಪದದ ವೈ ಘನ, ಎಷ್ಟೇ ದೊಡ್ಡದಿರಲಿ, ಸೊನ್ನೆಯಾಗಿ ಉತ್ತರದಿಂದಲೇ ಮರೆಯಾಗುತ್ತದೆ.

ಇದಕ್ಕೆ ಬಳಸುವ ಬೆನ್ನು ಬಾಗಿದ 'ಡಿ'ಗೆ ನಮ್ಮ ತರಗತಿಯಲ್ಲಿ 'ಡೌ' ಎಂದು ಹೆಸರು. ಫ್ರಾನ್ಸಿನ ಲೆಜಾಂಡ್ರ್ 1786ರಲ್ಲಿ ಅದನ್ನು ಈ ಕೆಲಸಕ್ಕೆ ಬಳಸಿ, ಆಮೇಲೆ ತಾನೇ ಕೈಬಿಟ್ಟ. 1841ರಲ್ಲಿ ಜರ್ಮನಿಯ ಜಾಕೋಬಿ ಮತ್ತೆ ಎತ್ತಿಕೊಂಡ ಮೇಲೆ ಅದು ನೆಲೆ ನಿಂತಿತು. ಇಂಟರ್ನಲ್ಸ್‌ನಲ್ಲಿ ಅಂಕ ಕಳೆದುಕೊಂಡು ಮುಖ ಸಪ್ಪಗಾದವರಿಗೆ ನಾನು ಈ ಕಥೆ ಹೇಳುತ್ತಿದ್ದೆ. ಡೌ ಪಾಸಾಗುವುದಕ್ಕೇ 55 ವರ್ಷ ಹಿಡಿಯಿತಪ್ಪ, ನಿನಗೊಂದು ಸೆಮಿಸ್ಟರ್ ಹಿಡಿದರೆ ಏನೀಗ?

ಒಂದು ದಿನ ಹಂಗಳದ ಕಡೆಯ ಹುಡುಗನೊಬ್ಬ ಎದ್ದು ನಿಂತ. ಮಾತು ಕಡಿಮೆಯವನು, ಎದ್ದದ್ದೇ ಸುದ್ದಿ. "ಸುಮ್ನ ನಿಂತ್ಕ ಅಂತ ವೈಗ ಯಾರ್ ಯೋಳ್ತರ ಸಾರ್?" ಎಂದ. ತರಗತಿ ಗೊಳ್ಳೆಂದಿತು, ನಾನೂ ನಕ್ಕೆ. "ನಾವೇ ಹೇಳಬೇಕಪ್ಪ" ಎಂದೆ. ಪರೀಕ್ಷೆಗೆ ಅಷ್ಟು ಸಾಕು. ಅವನೂ ತಲೆಯಾಡಿಸಿ ಕೂತ.

ಪುಸ್ತಕಗಳಿಗೆ ಈ ಸ್ಥಿರದ ಮೋಹ ಬಹಳ. ನ್ಯೂಟನ್ನನ ತಂಪಾಗುವಿಕೆಯ ನಿಯಮದ ಲೆಕ್ಕದಲ್ಲಿ ವಸ್ತು ಆರುತ್ತಾ ಹೋಗುತ್ತದೆ, ಸುತ್ತಲಿನ ಗಾಳಿ ಮಾತ್ರ 30 ಡಿಗ್ರಿಯಲ್ಲಿ ಕದಲದೆ ಕೂತಿರುತ್ತದೆ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಟೀ ಅಂಗಡಿ ಇಟ್ಟವರ ಮಗ ಇದನ್ನು ಒಪ್ಪಲಿಲ್ಲ. ಮಳೆಗಾಲದ ಸಂಜೆ ಗಾಳಿ ತಿರುಗಿದರೆ ಲೋಟ ಗಿರಾಕಿಯ ಕೈ ಸೇರುವುದರೊಳಗೆ ಟೀ ತಣ್ಣಗಾಗುತ್ತದೆಂದು ಅವನ ವಾದ. 1454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ಒಮ್ಮೆ ಹತ್ತಿ ಇಳಿದವರು ಯಾರೂ ಅವನನ್ನು ಅಲ್ಲಗಳೆಯಲಾರರು. ನಾನು ಅವನ ಅನುಭವಕ್ಕೆ ತಲೆದೂಗಿ, ಪರೀಕ್ಷೆಯಲ್ಲಿ 30 ಎಂದೇ ಬರೆಯಬೇಕೆಂದು ಬೇಡಿಕೊಂಡೆ.

ಪರೀಕ್ಷೆ ಹತ್ತಿರವಾದಾಗ ಬಸ್ಸನ್ನು ನಂಬಲಾರದೆ ಹುಡುಗರು ಚಾಮರಾಜನಗರದಲ್ಲೇ ಗೆಳೆಯರ ರೂಮಿನಲ್ಲಿ ಉಳಿಯುತ್ತಿದ್ದರು. ಅಂಥ ದಿನಗಳಲ್ಲಿ ಗುಂಡ್ಲುಪೇಟೆ ಪೇಟೆಬೀದಿಯಲ್ಲಿ ಹಂಗಳದ ಹುಡುಗನ ಅಪ್ಪ ಸಿಕ್ಕಿದರು. ಆ ವರ್ಷ ಸಣ್ಣ ಈರುಳ್ಳಿ ಹಾಕಿದ್ದರು. ಹೇಗಿದೆ ಬೆಳೆ ಎಂದೆ. "ಮಳ ಎಚ್ಚಾಗಿ ಗಡ್ಡ ಎಲ್ಲ ಕೊಳ್ತೋಯ್ತು ಮೇಷ್ಟ್ರೆ" ಎಂದರು, ಬೇರೆ ಯಾರದೋ ಹೊಲದ ವಿಷಯ ಹೇಳುವಂತೆ. ಹೆಗಲ ಟವೆಲ್ಲಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತರು. ನಾನೇನಾದರೂ ಹೇಳುವ ಮೊದಲೇ ಧ್ವನಿ ತಗ್ಗಿಸಿದರು: "ಐಕನ್ಗ ಯೋಳಿಲ್ಲ. ಫೋನ್ ಮಾಡ್ದಾಗೆಲ್ಲ ಇಲ್ಲಿ ಎಲ್ಲ ಚೆಂದಾಗದ, ನೀ ಓದ್ಕ ಅಂದಿವ್ನಿ. ಪರೀಕ್ಷ ಮುಗಿಯೋಗಂಟ ನೀವೂ ಬಾಯ್ ಬುಡ್ಬ್ಯಾಡಿ."

ಬಿಡಲಿಲ್ಲ. ಅವನು ಪಾರ್ಷಿಯಲ್ಸ್ ಚೆನ್ನಾಗಿಯೇ ಬರೆದ. ಎಕ್ಸ್ ಮಾತ್ರ ಬದಲಾಗುತ್ತದೆ, ಉಳಿದದ್ದೆಲ್ಲ ಸ್ಥಿರ ಎಂದು ಧೈರ್ಯವಾಗಿ ಬರೆದ. ವೈಗೆ ಸುಮ್ಮನಿರು ಎಂದು ಯಾರೂ ಹೇಳಬೇಕಾಗಿರಲಿಲ್ಲ. ವೈ ತಾನಾಗಿಯೇ ಈರುಳ್ಳಿ ಸಾಲ ಹೊತ್ತುಕೊಂಡು, ಟವೆಲ್ಲಿನ ಅಂಚು ಹಿಡಿದುಕೊಂಡು, ಅಲುಗದೆ ನಿಂತಿತ್ತು. ಪ್ರತಿ ಬೆಂಚಿನ ಹಿಂದೆಯೂ ಅಂಥ ವೈಗಳು ಇರುತ್ತವೆ. ಬ್ಲೌಸಿನ ಹೊಲಿಗೆಯ ದುಡ್ಡಲ್ಲಿ ಬಸ್ ಪಾಸು ಮಾಡಿಸಿದ ಅಕ್ಕ, ಮೊಣಕಾಲು ನೋವನ್ನು ಸೆಮಿಸ್ಟರ್ ರಜೆಯವರೆಗೆ ಮುಂದೂಡಿದ ಅಜ್ಜಿ. ಇವರು ಯಾವ ಉತ್ತರದಲ್ಲೂ ಕಾಣಿಸುವುದಿಲ್ಲ.

ಮೇಷ್ಟರ ಲೆಕ್ಕ ಮಾತ್ರ ತಿರುಗುಮುರುಗು. ಪ್ರತಿ ವರ್ಷ ನನ್ನೆದುರು ಕೂರುವವರ ವಯಸ್ಸು ಹದಿನೆಂಟೇ. ಅದು ಸ್ಥಿರ, ನಾನೊಬ್ಬ ಚರ. ಮೊದಲು ಅಣ್ಣನಂತಿದ್ದೆ, ಆಮೇಲೆ ಚಿಕ್ಕಪ್ಪನಂತಾದೆ. ಈಚೆಗೆ ಒಬ್ಬಳು ನಾನು ಮೆಟ್ಟಿಲು ಹತ್ತುವಾಗ ಕೈಯಲ್ಲಿದ್ದ ಅಟೆಂಡೆನ್ಸ್ ಪುಸ್ತಕ ಇಸಿದುಕೊಂಡಳು.

ಹಂಗಳದ ಹುಡುಗ ಈಗ ಬೆಂಗಳೂರಿನಲ್ಲಿ ಯಂತ್ರಗಳಿಗೆ ಕಲಿಸುವ ಕೆಲಸದಲ್ಲಿದ್ದಾನೆ. ಅಲ್ಲಿ ಲಕ್ಷಗಟ್ಟಲೆ ಸಂಖ್ಯೆಗಳಿರುತ್ತವಂತೆ. ಒಂದೊಂದನ್ನು ಚೂರು ಅಲುಗಿಸಿದರೆ ಯಂತ್ರದ ತಪ್ಪು ಎಷ್ಟು ಹೆಚ್ಚುಕಡಿಮೆಯಾಗುತ್ತದೆಂದು ಪಾರ್ಷಿಯಲ್ಸ್‌ನಿಂದಲೇ ತಿಳಿಯುತ್ತಾರಂತೆ. "ಅದೇ ಲೆಕ್ಕ ಸಾರ್, ವೈಗೊಳು ಮಾತ್ರ ಜಾಸ್ತಿ" ಎಂದು ಆಗಾಗ ಫೋನಿನಲ್ಲಿ ನಗುತ್ತಾನೆ. ಕೊನೆಗೆ ತಪ್ಪದೆ ಕೇಳುತ್ತಾನೆ: "ಊರ್ಲಿ ಎಲ್ಲ ಹೆಂಗದ ಸಾರ್?"

ಬಸ್ ಸ್ಟ್ಯಾಂಡಿನ ಟೀ ಅಂಗಡಿ ಈಗ ಮೊಬೈಲ್ ಅಂಗಡಿಯಾಗಿದೆ. ಅವನಪ್ಪ ಹೊಲ ಗುತ್ತಿಗೆಗೆ ಕೊಟ್ಟು ಎರಡು ಬೆಳೆ ಆಯಿತು. ಮಗನಿಗೆ ತಿಳಿಸಿಲ್ಲವೆಂದು ಮತ್ತೆ ಧ್ವನಿ ತಗ್ಗಿಸಿಯೇ ಹೇಳಿದ್ದಾರೆ. ನನಗೂ ಮೆಟ್ಟಿಲು ಕಷ್ಟವಾಗಿದೆ. "ಎಲ್ಲ ಅಂಗೇ ಅದ ಕನಪ್ಪ, ನೀ ಕೆಲ್ಸ ನೋಡ್ಕ" ಎನ್ನುತ್ತೇನೆ. ನಾಲ್ಕು ದಿನ ರಜೆ ಹಾಕಿ ಬಂದರೆ ಎಲ್ಲ ಗೊತ್ತಾಗಿಬಿಡುತ್ತದೆ. ಅವನಿಗೆ ರಜೆ ಸಿಗುವುದಿಲ್ಲವೆಂಬ ಧೈರ್ಯ ನನಗೂ ಇದೆ, ಅವನಪ್ಪನಿಗೂ ಇದೆ.